ಸೇನಾಪತಿಯ ಬೆಳಕಿನ ಕತ್ತಿ

ಪೇಟೆ ಬೀದಿಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವನನ್ನು ಎಲ್ಲರೂ ಮಿಲಿಗ್ರಾಂ ಎಂದೇ ಕರೆಯುತ್ತಿದ್ದರು. ನಲವತ್ತು ದಾಟಿದವನು, ಸಣಕಲು, ಕನ್ನಡಕ ಸದಾ ಮೂಗಿನ ತುದಿಯಲ್ಲಿ. ಸಣ್ಣ ತಕ್ಕಡಿ ರಿಪೇರಿಗೆ ತಂದವರ ಎದುರು ತನ್ನ ತಲೆಯಿಂದ ಒಂದು ಕೂದಲು ಕಿತ್ತು ತಟ್ಟೆಯ ಮೇಲಿಟ್ಟು, ಅಂಕಿ ಬದಲಾಗುವುದನ್ನು ತೋರಿಸದೆ ಯಂತ್ರ ವಾಪಸು ಕೊಡುತ್ತಿರಲಿಲ್ಲ. ಹೀಗೆ ಕಿತ್ತು ಕಿತ್ತೇ ನೆತ್ತಿ ಬೋಳಾಯಿತೆಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೆ ಅಗತ್ಯಕ್ಕಿಂತ ತುಸು ಹೆಚ್ಚೇ ಗೊತ್ತಿತ್ತು.

ಬೆಳಕಿನ ಕತ್ತಿಯ ಹುಚ್ಚು ಹತ್ತಿದ್ದು ಸೋದರಮಾವನಿಂದ. ಮಾವನದು ಅದೇ ಬೀದಿಯ ತುದಿಯಲ್ಲಿ, ಪಾಲುದಾರನೊಬ್ಬನ ಜೊತೆ, ಎರಡು ಕುರ್ಚಿಯ ಸಲೂನು. ಮೂವತ್ತೈದು ವರ್ಷ ಊರಿನ ಅರ್ಧಕ್ಕರ್ಧ ಗಂಡಸರ ಗಡ್ಡ ಹೆರೆದ ಕೈ ಅದು. ಭಾನುವಾರ ಬಂತೆಂದರೆ ಹವ್ಯಾಸಿ ನಾಟಕ ತಂಡದಲ್ಲಿ ರಾಜನೋ ಪೊಲೀಸನೋ ಆಗಿಬಿಡುತ್ತಿದ್ದರು. ಈ ಸಲ ತಂಡದವರು ಮುಂದೆಂದೋ ನಕ್ಷತ್ರಗಳ ನಡುವೆ ನಡೆಯುವ ಯುದ್ಧದ ನಾಟಕ ಹಿಡಿದಿದ್ದರು. ಮಾವ ಮುದಿ ಸೇನಾಪತಿ. ಬೆಳಗುವ ಕತ್ತಿ ಯಾರು ಮಾಡುತ್ತಾರೆ ಎಂಬ ಮಾತು ಬಂದಾಗ, "ನನ್ನ ಅಳಿಯ ಇರುವಾಗ ಚಿಂತೆ ಯಾಕೆ?" ಎಂದು ಹೇಳಿ ಬಂದಿದ್ದರು.

ಮಿಲಿಗ್ರಾಂ ಊಟ ನಿದ್ದೆ ಮರೆತ. ನಲ್ಲಿ ಪೈಪಿನ ತುಂಡು ಹಿಡಿಯಾಯಿತು, ಹಾಲಿನ ಬಣ್ಣದ ಪ್ಲಾಸ್ಟಿಕ್ ಕೊಳವೆ ಅಲಗಾಯಿತು, ಒಳಗೆ ಎಲ್‌ಇಡಿ ಪಟ್ಟಿ, ಹಿಡಿಯ ತಳದಲ್ಲಿ ಪುಟ್ಟ ಸ್ಪೀಕರು. ಮೊದಲು ಒತ್ತುವ ಗುಂಡಿ ಹಾಕಿದ. ಒತ್ತಿದರೆ ಬೆಳಕು, ಇನ್ನೊಮ್ಮೆ ಒತ್ತಿದರೆ ಕತ್ತಲೆ. ಮಾವನಿಗೆ ಅದೇ ಇಷ್ಟವಾಯಿತು. ಅಳಿಯನಿಗೆ ಸಪ್ಪೆ ಎನಿಸಿತು. ಜಾರಿಸುವ ಸ್ವಿಚ್ ಹಾಕಿದರೆ ಅದು ಕತ್ತಿ ಬೀಸುವಾಗ ತಾನಾಗಿ ಆರಿಹೋಗುತ್ತಿತ್ತು. ಒಳಗೆ ಗುಂಡು ಉರುಳುವ ಸ್ವಿಚ್ ಹಾಕಿದರೆ ಕತ್ತಿ ಕೈಗೆತ್ತಿಕೊಂಡರೆ ಸಾಕು, ಗಿಲಕಿಯಂತೆ ಗಲಗಲ ಎನ್ನುತ್ತಿತ್ತು. ಕೊನೆಗೆ ಚಲನೆಯನ್ನು ಗ್ರಹಿಸುವ ಸೆನ್ಸರ್ ತರಿಸಿ ಕೂರಿಸಿದ. ಈಗ ಕತ್ತಿಗೆ ಜೀವ ಬಂತು. ಸುಮ್ಮನೆ ಹಿಡಿದರೆ ನೀಲಿ ಬೆಳಕು, ಮೆಲ್ಲನೆ ಗುಂಯ್ ಎನ್ನುವ ಸದ್ದು. ಬೀಸಿದರೆ ಬೆಳಕು ಉಕ್ಕಿ ಸದ್ದು ಮೊರೆಯುತ್ತಿತ್ತು. ಇನ್ನೊಂದು ಕತ್ತಿಗೆ ತಾಗಿದರೆ ಬಿಳಿ ಮಿಂಚು. ಸೆನ್ಸರ್ ಎಷ್ಟು ಸೂಕ್ಷ್ಮವಾಗಿರಬೇಕೆಂದು ಹೇಳುವ ಸಣ್ಣ ತಿರುಪೊಂದಿತ್ತು. ಮಿಲಿಗ್ರಾಂ ಅದನ್ನು ಕೊನೆಯವರೆಗೂ ತಿರುಗಿಸಿದ. ಅವನ ಜಾಯಮಾನವೇ ಅಂಥದು.

ಪ್ರದರ್ಶನಕ್ಕೆ ಎರಡು ದಿನ ಮೊದಲು ಮಾವ ಅಂಗಡಿಗೆ ಬಂದು ಕತ್ತಿ ಹಿಡಿದರು. ಪ್ರತಿಜ್ಞೆಯ ದೃಶ್ಯದಲ್ಲಿ ಸೇನಾಪತಿ ಕತ್ತಿಯನ್ನು ಮುಂದಕ್ಕೆ ಚಾಚಿ, ಮಾತಿಲ್ಲದೆ, ಒಂದು ನಿಮಿಷ ನಿಲ್ಲಬೇಕು. ಚಾಚಿ ನಿಂತರು. ಬೆಳಕು ಪಟಪಟನೆ ಏರಿಳಿಯಿತು. ಡಬ್ಬದಲ್ಲಿ ನೊಣ ಸಿಕ್ಕಿಕೊಂಡಂತೆ ಸದ್ದು ಬಿಟ್ಟು ಬಿಟ್ಟು ಬಂತು.

"ಇದು ಯಾಕೋ ಒಂದೇ ಸಮ ನಡುಗ್ತಿದೆಯಲ್ಲಪ್ಪ," ಎಂದರು ಮಾವ. "ಏನೋ ಸಡಿಲ ಇರ್ಬೇಕು ನೋಡು. ನನಗೆ ಆ ಹಳೇ ಗುಂಡಿಯೇ ಸಾಕು ಕಣೋ."

ಅಳಿಯ ಕತ್ತಿ ಈಸಿಕೊಂಡು ತಾನು ಚಾಚಿದ. ಬೆಳಕು ಅಲುಗಲಿಲ್ಲ. ಅವನಿಗೆ ಆ ಕ್ಷಣವೇ ತಿಳಿಯಿತು. ಮಾವ ಗೋಡೆಯ ಗಾಜಿನ ಬೀರುವಿನತ್ತ ತಿರುಗಿ ಹಳೆಯ ತೂಕದ ಬಟ್ಟುಗಳನ್ನು ಎಣಿಸುವವರಂತೆ ನಿಂತಿದ್ದರು. ಸಲೂನಿನಲ್ಲಿ ಅವರು ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರಿಯೇ ಕತ್ತಿ ಎಳೆಯುತ್ತಿದ್ದರು; ಹಾಗೆ ಊರಿದಾಗ ಆ ಕೈ ಬಂಡೆ, ಇವತ್ತಿಗೂ ಒಂದು ಗೀರು ಬಿದ್ದದ್ದಿಲ್ಲ. ಊರಲು ಏನೂ ಇಲ್ಲದೆ ಗಾಳಿಯಲ್ಲಿ ಚಾಚಿದಾಗ ಮಾತ್ರ ಅದು ನಡುಗುತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ. ಕತ್ತಿಗೆ ಗೊತ್ತಾಗಿತ್ತು, ಈಗ ಅಳಿಯನಿಗೂ.

"ಆಯ್ತು ಮಾವ, ಸರಿ ಮಾಡ್ತೀನಿ," ಎಂದ.

ಮಾಡಲಿಲ್ಲ. ಗುಂಡಿ ಹಾಕಲು ಅರ್ಧ ಗಂಟೆಯ ಕೆಲಸ. ಆದರೆ ಗುಂಡಿಯ ಕತ್ತಿಯಲ್ಲಿ ಮಿಂಚಿಲ್ಲ, ಮೊರೆತವಿಲ್ಲ. ನಾಟಕದ ಮೊದಲು ಕತ್ತಿ ಮಾಡಿದವನನ್ನು ವೇದಿಕೆಗೆ ಕರೆಯುತ್ತೇವೆಂದು ನಿರ್ದೇಶಕಿ ಬೇರೆ ಹೇಳಿದ್ದರು. ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಇಷ್ಟು ಸಾಕು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಮಲಗಿದ. ಸುಳ್ಳೆಂದು ಗೊತ್ತಿದ್ದೂ ಗಡದ್ದಾಗಿ ನಿದ್ದೆ ಬಂತು. ಆಮೇಲೆ ಅವನನ್ನು ಹೆಚ್ಚು ಕಾಡಿದ್ದು ಆ ನಿದ್ದೆಯೇ.

ಭಾನುವಾರ ಮಧ್ಯಾಹ್ನ ಶಾಲೆಯ ಸಭಾಂಗಣದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಮುನ್ನೂರು ಜನ. ಮುಂದಿನ ಸಾಲಿನಲ್ಲಿ ಮಾವನ ಗಿರಾಕಿಗಳೇ. ಕಾಳಗದ ದೃಶ್ಯಕ್ಕೆ ಶಿಳ್ಳೆ ಬಿದ್ದವು. ಮಿಲಿಗ್ರಾಂ ಪರದೆಯ ಪಕ್ಕದಲ್ಲಿ ನಿಂತು ಉಬ್ಬಿಹೋದ. ಆಮೇಲೆ ಪ್ರತಿಜ್ಞೆ. ಸಭಾಂಗಣ ಪೂರ್ತಿ ಕತ್ತಲೆ, ಒಂದೇ ಒಂದು ಕತ್ತಿ. ಅದು ನಡುಗಿತು. ಮಾವ ಎಡಗೈಯನ್ನೂ ಹಿಡಿಗೆ ಕೊಟ್ಟರು, ಇನ್ನಷ್ಟು ನಡುಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವರು ಆ ಬೆಳಕನ್ನೇ ನೋಡುತ್ತಿದ್ದರು, ಒಬ್ಬನಂತೂ ತನ್ನ ಗಂಟಲನ್ನು ಮುಟ್ಟಿಕೊಂಡ.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಗೆ ನಾಲ್ಕಾರು ಜನ ಬಂದರು. ದಿನಾ ಬೆಳಿಗ್ಗೆ ಮಾವನ ಕೈಯಲ್ಲೇ ಗಡ್ಡ ಮಾಡಿಸಿಕೊಳ್ಳುವ ಔಷಧಿ ಅಂಗಡಿಯವರೂ ಇದ್ದರು. ನಿರ್ದೇಶಕಿ ಒಳ್ಳೆಯ ಮಾತಿನಲ್ಲೇ ಕೇಳಿದರು: "ವೈರು ಗೀರು ಸಡಿಲ ಆಗಿತ್ತೇನಪ್ಪ?"

ಒಂದು "ಹೌದು" ಸಾಕಿತ್ತು. ಮಾವನ ಮಾನ, ಅನ್ನ ಎರಡೂ ಆ ಒಂದು ಮಾತಿನಲ್ಲಿದ್ದವು. ಆದರೆ ಅವನ ಕೆಲಸದಲ್ಲಿ ಸಡಿಲ ಎಂದು ಈವರೆಗೆ ಯಾರೂ ಅಂದವರಿಲ್ಲ. ಮೈಯೆಲ್ಲ ಉರಿದುಹೋಯಿತು.

"ನನ್ನ ಕತ್ತೀಲಿ ಎಳ್ಳಷ್ಟೂ ದೋಷ ಇಲ್ಲ," ಎಂದ. "ಬೇಕಾದ್ರೆ ನೋಡಿ." ಮಾವನ ಕೈಯಿಂದ ಕಿತ್ತುಕೊಂಡು ಚಾಚಿಯೇಬಿಟ್ಟ. ನೀಲಿ ಬೆಳಕು ಗೆರೆ ಎಳೆದಂತೆ ನಿಂತಿತು.

ಎಲ್ಲರ ಕಣ್ಣೂ ಮಾವನ ಬಲಗೈಗೆ ಹೋಯಿತು. ಮಾವ ಅದನ್ನು ಜೇಬಿಗಿಳಿಸಲು ನೋಡಿದರು. ಸೇನಾಪತಿಯ ಅಂಗಿಗೆ ಜೇಬಿರಲಿಲ್ಲ.

ಸೋಮವಾರದಿಂದ ಸಲೂನಿನಲ್ಲಿ, "ಇವತ್ತು ಗಡ್ಡ ಬೇಡ, ಕಟಿಂಗ್ ಸಾಕು," ಎನ್ನುವವರು ಹೆಚ್ಚಾದರು. ಮಾವನ ಕುರ್ಚಿ ಖಾಲಿಯಿದ್ದರೂ ಎರಡನೆಯ ಕುರ್ಚಿಯ ಪಾಲುದಾರನಿಗಾಗಿ, "ನನಗೇನೂ ಅವಸರ ಇಲ್ಲ," ಎಂದು ಓದಿದ ಪೇಪರನ್ನೇ ಓದುತ್ತಾ ಕೂರುವವರು ಹೆಚ್ಚಾದರು. ಮಿಲಿಗ್ರಾಂ ಆ ಕಡೆ ಹೋಗುವುದನ್ನೇ ಬಿಟ್ಟು ಸುತ್ತು ಬಳಸಿ ಅಂಗಡಿಗೆ ಬರತೊಡಗಿದ. ಒಂದು ದಿನ ಊಟಕ್ಕೆ ಬಡಿಸುತ್ತಾ ಅವನ ತಾಯಿ, "ನಿಮ್ಮ ಮಾವ ಈಗ ಮಧ್ಯಾಹ್ನಕ್ಕೇ ಮನೆಗೆ ಬಂದು ಮಲಗ್ತಾನಂತೆ ಕಣೋ, ಮೈ ಹುಷಾರಿಲ್ವೋ ಏನೋ. ಆದ್ರೂ ಬಂದವರ ಹತ್ರ ಎಲ್ಲ ನಿನ್ನ ಕತ್ತಿ ಗುಣಗಾನವೇ," ಎಂದಳು. ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಅವತ್ತು ಹೇಳಬೇಕಾಗಿದ್ದ ಸುಳ್ಳನ್ನು ಈಗಲಾದರೂ ಹೇಳಿಬಿಡೋಣವೆಂದು ಸೀದಾ ಸಲೂನಿಗೆ ನಡೆದ. ನಿಜ ಹೇಳುವ ಹಾಗಿರಲಿಲ್ಲ. ಗೊತ್ತಿದ್ದೂ ಆ ಕತ್ತಿ ಕೊಟ್ಟೆ ಎಂದರೆ, ಕೈ ನಡುಗುವುದು ಹೌದು ಎಂದು ತಾನೇ ಮುದ್ರೆ ಒತ್ತಿದಂತೆ. ಮಾವ ಮನೆಗೆ ಹೋಗಿದ್ದರು. ಬೆಂಚಿನ ಮೇಲೆ ಮೂವರು. ಪಾಲುದಾರನ ಕುರ್ಚಿಯಲ್ಲಿ ಔಷಧಿ ಅಂಗಡಿಯವರು, ಮುಖದ ತುಂಬ ನೊರೆ.

"ಒಂದು ಮಾತು ಹೇಳ್ಬೇಕಿತ್ತು," ಎಂದ ಮಿಲಿಗ್ರಾಂ. "ಅವತ್ತು ನಡುಗಿದ್ದು ಮಾವನ ಕೈ ಅಲ್ಲ. ಕತ್ತಿಯದ್ದೇ ತಪ್ಪು. ಒಳಗೆ ಬೆಸುಗೆ ಬಿಟ್ಟಿತ್ತು. ಮರ್ಯಾದೆಗೆ ಹೆದರಿ ನಾನೇ ಸುಳ್ಳು ಹೇಳಿದೆ."

ಪಾಲುದಾರ ಕೆನ್ನೆಯಿಂದ ಕತ್ತಿ ತೆಗೆದ. ಔಷಧಿ ಅಂಗಡಿಯವರು ಕನ್ನಡಿಯೊಳಗಿಂದಲೇ ಅವನನ್ನು ನೋಡಿ ಅಕ್ಕರೆಯಿಂದ ನಕ್ಕರು.

"ನೀನು ಹೀಗೆ ಹೇಳೋಕೆ ಬಂದೇ ಬರ್ತೀಯ ಅಂತ ನಿಮ್ಮ ಮಾವ ಆಗಲೇ ಹೇಳಿದ್ರಪ್ಪ. ನಾಟಕ ಆದ ಮಾರನೇ ದಿನವೇ. 'ನನ್ನ ಅಳಿಯನದು ಮೆದು ಮನಸ್ಸು, ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಳ್ತಾನೆ, ಯಾರೂ ನಂಬಬೇಡಿ. ಅವನ ಕೆಲಸದಲ್ಲಿ ದೋಷ ಇರಲ್ಲ, ನನ್ನ ಕೈಯೇ ಹೋಗಿದೆ' ಅಂದ್ರು."

ಬೆಂಚಿನ ಮೇಲಿದ್ದ ಮೂವರೂ ಹೌದೆಂದು ತಲೆಯಾಡಿಸಿದರು.

"ಇದ್ರೆ ನಿನ್ನಂಥ ಅಳಿಯ ಇರ್ಬೇಕು," ಎಂದರು ಅವರಲ್ಲೊಬ್ಬರು, ಸರಿದು ಜಾಗ ಮಾಡಿಕೊಡುತ್ತಾ. "ಬಾ, ಕೂತ್ಕೋ."