ಅರ್ಧ ಪ್ರಾರ್ಥನೆ ಹೇಳುವ ಕಿನ್ನಿಯಕ್ಕ

ಉರ್ವ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಂಚಿನ ಮನೆಯೊಂದರ ಕಿಟಕಿ ಪಕ್ಕದ ಮಂಚದಲ್ಲಿ ಲೂರ್ಡ್ಸ್ ಟೀಚರ್ ದಿಂಬಿಗೆ ಒರಗಿ ಕೂತಿದ್ದಾರೆ. ಕಿನ್ನಿ ಅವರ ಮುಖ ಒರೆಸಿ, ತಲೆ ಬಾಚಿ, ಎಡಗೈಗೆ ಜಪಮಾಲೆ ಕೊಡುತ್ತಾರೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ಕಿನ್ನಿ ಸ್ಟೂಲು ಎಳೆದು ಕೂತು "ನಮಾನ್ ಮರಿಯೆ" ಎಂದು ಶುರು ಮಾಡುತ್ತಾರೆ. ಭಾಷೆ ಕೊಂಕಣಿ, ರಾಗ ಪಕ್ಕಾ ತುಳು. ಮರಿಯಮ್ಮನಿಗೆ ಸಲ್ಲಿಸುವ ಈ ಪ್ರಾರ್ಥನೆಯ ಅರ್ಧಕ್ಕೆ ಬಂದು ನಿಲ್ಲಿಸಿ ಕಾಯುತ್ತಾರೆ.

ಮಂಚದಿಂದ ಉಳಿದರ್ಧ ಬರುತ್ತದೆ. ದನಿ ದಪ್ಪ, ಆದರೆ ಒಂದಕ್ಷರವೂ ತಪ್ಪುವುದಿಲ್ಲ. ಇಡೀ ದಿನದಲ್ಲಿ ಟೀಚರ ಬಾಯಿಂದ ಬರುವ ಮಾತು ಇಷ್ಟೇ. ನೀರು ಬೇಕಾದರೆ ಅವರು ಲೋಟ ನೋಡುತ್ತಾರೆ, ಸೆಕೆಯಾದರೆ ಫ್ಯಾನು ನೋಡುತ್ತಾರೆ.

ಉರ್ವದಲ್ಲಿ ಟೀಚರ ಕೈಯಲ್ಲಿ ಬೈಗುಳ ತಿನ್ನದೆ ಬೆಳೆದವರು ಕಡಿಮೆ. ಶಾಲೆಯಲ್ಲಿ ಬೈದದ್ದು ಸಾಲದೆಂಬಂತೆ ನಿವೃತ್ತಿಯಾದ ಮೇಲೆ ತರಕಾರಿಯವರನ್ನೂ ರಿಕ್ಷಾದವರನ್ನೂ ಗೇಟಿನಲ್ಲಿ ನಿಂತು ತಿದ್ದುತ್ತಿದ್ದರಂತೆ. ಕಳೆದ ವರ್ಷ ಈಸ್ಟರ್ ಕಳೆದ ವಾರದಲ್ಲೇ ಪಾರ್ಶ್ವವಾಯು ಬಡಿಯಿತು. ಬಲಭಾಗದ ಜೊತೆ ಮಾತೂ ಹೋಯಿತು. ಬುದ್ಧಿ ಸ್ವಚ್ಛವಾಗಿದೆ, ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ. ಮಾತು ಮರಳುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಆ ವರ್ಷ ಈ ವಸಂತಕ್ಕೆ ಮುಗಿಯುತ್ತದೆ. ಮಗಳು ಏವ್ರಿಲ್ ಆಸ್ಪತ್ರೆಯೊಂದರಲ್ಲಿ ನರ್ಸ್, ಹೆಚ್ಚಾಗಿ ರಾತ್ರಿ ಡ್ಯೂಟಿ. "ಮಮ್ಮಿ ಒಮ್ಮೆ ನನ್ನ ಹೆಸರು ಕರೆದರೆ ಸಾಕು. ಬೇರೆ ಎಂತದೂ ಕೇಳುವುದಿಲ್ಲ ನಾನು" ಎನ್ನುತ್ತಾರೆ.

ಕಿನ್ನಿ ಹುಟ್ಟಿದ್ದು ಬೆಳೆದದ್ದು ತೊಕ್ಕೊಟ್ಟಿನಲ್ಲಿ. ವಯಸ್ಸು ಕೇಳಿದರೆ "ಐವತ್ತು ದಾಟಿತು, ಎಷ್ಟು ದಾಟಿತು ಗೊತ್ತಿಲ್ಲ" ಎಂದು ನಗುತ್ತಾರೆ. ಮದುವೆಯಾದಾಗಿನಿಂದ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತವರು. ಬೋಟು ಬರುವ ಮೊದಲೇ ಅಲ್ಲಿರಬೇಕು, ಐಸಿನ ನೀರು ಕುತ್ತಿಗೆಯಿಂದ ಕಾಲಿನವರೆಗೆ ಇಳಿಯಬೇಕು. ಗಂಡ ತುಕ್ರ ಅದೇ ದಕ್ಕೆಯಲ್ಲಿ ಲೋಡಿಂಗ್ ಮಾಡುತ್ತಿದ್ದರು. ಅವರು ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಬುಟ್ಟಿ ಕೆಳಗಿಟ್ಟ ಕಿನ್ನಿ ಮತ್ತೆ ಎತ್ತಲಿಲ್ಲ. ರೋಗಿಯನ್ನು ಹೊರಳಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು, ಗಂಜಿ ನೆತ್ತಿಗೇರದಂತೆ ಕುಡಿಸುವುದು, ಎಲ್ಲವನ್ನೂ ಆಸ್ಪತ್ರೆಯಲ್ಲಿ ಗಂಡನ ಮಂಚದ ಬಳಿ ಕಲಿತರು. ಆ ವಾರ್ಡಿನಲ್ಲಿ ನರ್ಸ್ ಆಗಿದ್ದವರು ಇದೇ ಏವ್ರಿಲ್. ತುಕ್ರ ಉಳಿಯಲಿಲ್ಲ. ತನ್ನ ತಾಯಿಗೆ ಹೀಗಾದಾಗ ಏವ್ರಿಲ್‌ಗೆ ಮೊದಲು ನೆನಪಾದದ್ದು ಕಿನ್ನಿಯ ಕೈ.

"ನಮ್ಮವರಿಗೆ ಮಾತಿತ್ತು, ಜೀವದಲ್ಲಿ ಬಲ ಇರ್ಲಿಲ್ಲ. ಟೀಚರಿಗೆ ಬಲ ಉಂಟು, ಮಾತಿಲ್ಲ. ಒಂದೊಂದು ಮಂಚದ್ದು ಒಂದೊಂದು ಕತೆ ಮಾರಾಯ್ರೆ" ಎನ್ನುತ್ತಾರೆ ಕಿನ್ನಿ.

ಕ್ಯಾಥೊಲಿಕ್ ಕ್ರೈಸ್ತರ ಮನೆಗಳಲ್ಲಿ ಜಪಮಾಲೆಯ ಪ್ರಾರ್ಥನೆ, ಇಲ್ಲಿಯವರ ಬಾಯಲ್ಲಿ ತೇರ್ಸ್, ಸಂಜೆ ದೀಪ ಹಚ್ಚಿದ ಮೇಲೆ ನಡೆಯುವುದು ವಾಡಿಕೆ. ಒಬ್ಬರು ಮೊದಲರ್ಧ ಹೇಳಬೇಕು, ಉಳಿದವರು ಉತ್ತರಾರ್ಧ ಹೇಳಬೇಕು. ರಾತ್ರಿ ಪಕ್ಕದ ಮನೆಯವರು ಜೊತೆಗೆ ಮಲಗುವ ಏರ್ಪಾಡು ಮಾಡಿ ಏವ್ರಿಲ್ ಆ ಹೊತ್ತಿಗೆ ಡ್ಯೂಟಿಗೆ ಹೊರಡುತ್ತಾರೆ. ಹಾಗಾಗಿ ಪ್ರಾರ್ಥನೆಯನ್ನು ಬೆಳಿಗ್ಗೆಗೆ ಬದಲಿಸಿ, ಕಿನ್ನಿಯ ಮೊಬೈಲಿನಲ್ಲಿ ಅದರ ರೆಕಾರ್ಡು ಹಾಕಿಕೊಟ್ಟಿದ್ದರು. ಬೆಳಿಗ್ಗೆ ಕಿನ್ನಿ ಬಂದೊಡನೆ ಅದನ್ನು ಒತ್ತುವುದು, ಟೀಚರ್ ಕಣ್ಣುಮುಚ್ಚಿ ಕೇಳುವುದು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಈ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಕರೆಂಟಿಲ್ಲ, ಮೊಬೈಲಿನ ಚಾರ್ಜು ಮುಗಿಯುತ್ತಾ ಬಂದಿದೆ. ಮೊದಲರ್ಧ ಹೇಳಿ ಮೊಬೈಲು ಬಾಯಿ ಮುಚ್ಚಿತು. ಕಿನ್ನಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿರುವಾಗಲೇ ಉತ್ತರಾರ್ಧ ಕೇಳಿಸಿತು.

"ಮೊಬೈಲೇ ಮತ್ತೆ ಶುರುವಾಯ್ತು ಅಂದ್ಕೊಂಡೆ. ನೋಡಿದ್ರೆ ಟೀಚರ ತುಟಿ ಆಡ್ತಾ ಉಂಟು. ಇಷ್ಟು ದಿನ ಆ ಮೊಬೈಲು ಎರಡೂ ಅರ್ಧ ತಾನೇ ಹೇಳಿ ಮುಗಿಸ್ತಾ ಇತ್ತಲ್ಲ, ಟೀಚರಿಗೆ ಹೇಳ್ಲಿಕ್ಕೆ ಜಾಗ ಎಲ್ಲಿತ್ತು?"

ಬಾಯಿಪಾಠವಾಗಿ ಉಳಿದ ಪ್ರಾರ್ಥನೆ, ಹಾಡು ಇಂಥವು ಕೆಲವರಲ್ಲಿ ಬೇರೆ ದಾರಿಯಿಂದ ಹೊರಬರುತ್ತವೆ ಎಂದು ಡಾಕ್ಟರು ವಿವರಿಸಿದರು. ಕಿನ್ನಿಗೆ ಬೇಕಾದದ್ದು ವಿವರಣೆಯಲ್ಲ, ಮೊದಲರ್ಧ. ಏವ್ರಿಲ್‌ರಿಂದ ಹೇಳಿಸಿಕೊಂಡು ಬಸ್ಸಿನಲ್ಲಿ ಗಟ್ಟಿಮಾಡತೊಡಗಿದರು. ತೊಕ್ಕೊಟ್ಟಿನಿಂದ ಸ್ಟೇಟ್‌ಬ್ಯಾಂಕು ಬಸ್ ನಿಲ್ದಾಣ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಉರ್ವ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ನೇತ್ರಾವತಿ ಸೇತುವೆಯ ಮೇಲೆ ತುಟಿ ಆಡಿಸುತ್ತಾ ಕೂತ ಕಿನ್ನಿಯನ್ನು ಕಂಡಕ್ಟರ್ ನಿತ್ಯಾನಂದ ಬಿಡುವವರಲ್ಲ. "ಎಂತ ಕಿನ್ನಿಯಕ್ಕ, ಈ ಪ್ರಾಯದಲ್ಲಿ ಲವ್ ಸಾಂಗಾ?" ಎಂದು ಕೇಳುತ್ತಿದ್ದರಂತೆ. ಈಗ ಅವರಿಗೂ ವಿಷಯ ಗೊತ್ತು. ಕಿನ್ನಿ ಹತ್ತಿದರೆ ಬಸ್ಸಿನ ಹಾಡಿನ ಸದ್ದು ತಗ್ಗಿಸುತ್ತಾರೆ.

ಕಲಿಯುವುದು ಸುಲಭವಾಗಲಿಲ್ಲ, ಏಕೆಂದರೆ ಎದುರಿಗಿರುವವರು ಟೀಚರ್. ಒಂದು ಪದ ಬಿಟ್ಟರೆ, ಹಿಂದುಮುಂದು ಮಾಡಿದರೆ ಉತ್ತರ ಬರುವುದಿಲ್ಲ. ಮಣಿಯ ಮೇಲೆ ಬೆರಳು ಹಾಗೇ ನಿಲ್ಲುತ್ತದೆ. ಕಿನ್ನಿ ಮತ್ತೆ ಮೊದಲಿನಿಂದ ಹೇಳಬೇಕು. "ಶಾಲೆಗೆ ನಾನು ಸರಿಯಾಗಿ ಹೋದವಳಲ್ಲ. ಈಗ ಹೋಗ್ತಾ ಇದ್ದೇನೆ" ಎಂದು ಹೇಳುವಾಗ ಕಿನ್ನಿಯ ಮುಖದಲ್ಲಿ ಹೆಮ್ಮೆ ಇರುವುದನ್ನು, ಇವರ ಬಗ್ಗೆ ಬರೆಯಲೆಂದು ಹೋದ ನಾನು ಕಂಡಿದ್ದೇನೆ. ಅವರು ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಬೇರೆಯವರ ದೇವರ ಹತ್ತಿರ ಮಾತಾಡಲು ಅಳುಕಾಗಲಿಲ್ಲವೇ ಎಂದು ಕೇಳಿದೆ. "ಆಯ್ತು, ಸುಳ್ಳು ಯಾಕೆ ಹೇಳುವುದು? ನಮ್ಮ ದೈವದ ಎದುರು ಒಂದು ದೀಪ ಇಟ್ಟು ಹೇಳಿಕೊಂಡೆ. ಹೀಗ್ಹೀಗೆ, ಒಬ್ಬರಿಗೆ ಮಾತು ಬರ್ಬೇಕು, ಅದಕ್ಕೆ ನಾನು ಹೇಳ್ತೇನೆ ಅಂತ. ದೈವ ಬೇಡ ಅನ್ಲಿಲ್ಲ."

ಜಪಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಗುಂಪುಗಳಿರುತ್ತವೆ. ಈ ಮನೆಯಲ್ಲಿ ಮೊದಲಿನಿಂದಲೂ ಒಂದು ಕ್ರಮವುಂಟು. ಪ್ರತಿ ಗುಂಪಿನ ಮೊದಲು ಅದು ಯಾರಿಗಾಗಿ ಎಂದು ಟೀಚರ್ ಹೆಸರು ಹೇಳುತ್ತಿದ್ದರು. ಕಾಯಿಲೆಯಾದವರಿಗೆ, ಪರೀಕ್ಷೆ ಬರೆಯುವವರಿಗೆ, ಒಮ್ಮೊಮ್ಮೆ ತಾವೇ ಬೈದು ಕಳಿಸಿದ ರಿಕ್ಷಾದವರಿಗೆ. ಇದನ್ನು ಏವ್ರಿಲ್ ಹೇಳಿದ ಮೇಲೆ ಕಿನ್ನಿಯೂ ಕೇಳತೊಡಗಿದರು. "ಇದು ಯಾರಿಗೆ ಟೀಚರ್?" ಬಾಯಿಪಾಠವಲ್ಲದ, ಟೀಚರ್ ತಾವೇ ಹುಡುಕಿ ಹೇಳಬೇಕಾದ ಮಾತು ಇದೊಂದೇ. ಟೀಚರ್ ಕಿನ್ನಿಯ ಮುಖ ನೋಡುತ್ತಾರೆ, ತುಟಿ ಬಿರಿಯುತ್ತದೆ, ಹಣೆ ಬೆವರುತ್ತದೆ. ಕಿನ್ನಿಯ ಕರುಳು ಕೇಳುವುದಿಲ್ಲ. "ಏವ್ರಿಲ್‌ಗೆ ಅಲ್ವಾ ಟೀಚರ್" ಎಂದು ತಾವೇ ಹೇಳಿ "ನಮಾನ್ ಮರಿಯೆ" ಶುರು ಮಾಡಿಬಿಡುತ್ತಾರೆ. ತಪಸ್ಸು ಕಾಲ ಮುಗಿಯುತ್ತಾ ಬಂತು, ಹೆಸರು ಹೊರಡಲಿಲ್ಲ.

ಈಸ್ಟರ್‌ಗೆ ಇನ್ನೇನು ಕೆಲವೇ ದಿನಗಳಿರುವಾಗ ನಾನು ಮತ್ತೊಮ್ಮೆ ಹೋಗುತ್ತೇನೆ. ಗೋಡೆಯ ಶಿಲುಬೆಗೆ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿ ಸಿಕ್ಕಿಸಿದ್ದಾರೆ. ಅಂಗಳದ ಮಾವಿನಲ್ಲಿ ಮಿಡಿ ತೂಗುತ್ತಿವೆ. ಕಿನ್ನಿ ಒಲೆಯ ಮೇಲೆ ಹಾಲಿಟ್ಟು ಬಂದು ಕೂರುತ್ತಾರೆ. ಏವ್ರಿಲ್ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾರೆ.

"ಇದು ಯಾರಿಗೆ ಟೀಚರ್?" ಎಂದು ಕಿನ್ನಿ ಕೇಳುವುದಕ್ಕೂ ಅಡುಗೆಮನೆಯಲ್ಲಿ ಹಾಲು ಉಕ್ಕಿ ಸುಯ್ ಎನ್ನುವುದಕ್ಕೂ ಸರಿಹೋಗುತ್ತದೆ. ಕಿನ್ನಿ "ಅಯ್ಯೋ" ಎಂದು ಎದ್ದು ಓಡುತ್ತಾರೆ. ಸೀದ ಹಾಲಿನ ವಾಸನೆ ಕೋಣೆಗೂ ಬರುತ್ತದೆ. ಟೀಚರ್ ಖಾಲಿ ಸ್ಟೂಲನ್ನೇ ನೋಡುತ್ತಿದ್ದಾರೆ. ಅವರ ಬದಲು ಹೆಸರು ಹೇಳುವವರು ಈಗ ಅಲ್ಲಿಲ್ಲ. ನನಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ತುಂಬಾ ಹೊತ್ತು ಎನಿಸುವಷ್ಟು ಹೊತ್ತು ಕಳೆಯುತ್ತದೆ.

"ಏವ್..." ಎನ್ನುತ್ತಾರೆ ಟೀಚರ್. ಮಣಿಯನ್ನು ಬಿಗಿಯಾಗಿ ಹಿಡಿದು ಮತ್ತೊಮ್ಮೆ ಉಸಿರೆಳೆದುಕೊಂಡು, "ಏವ್ರಿಲ್."

ಏವ್ರಿಲ್ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಾರೆ. ಆಮೇಲೆ ಒಂದು ಕಾಲಿನ ಚಪ್ಪಲಿಯಲ್ಲೇ ಬಂದು ಮಂಚದ ಬಳಿ ಮೊಣಕಾಲೂರುತ್ತಾರೆ. ಕಿನ್ನಿ ಮಸಿಬಟ್ಟೆ ಹಿಡಿದು ಓಡಿಬಂದವರು ತಾಯಿ ಮಗಳನ್ನು ಒಮ್ಮೆ ನೋಡಿ, ಸ್ಟೂಲಿನಲ್ಲಿ ಕೂತು "ನಮಾನ್ ಮರಿಯೆ" ಎಂದು ಶುರು ಮಾಡುತ್ತಾರೆ. ಉತ್ತರಾರ್ಧವನ್ನು ಟೀಚರ್ ಒಬ್ಬರೇ ಹೇಳುತ್ತಾರೆ. ನನ್ನ ಕಣ್ಣೂ ಒದ್ದೆಯಾಯಿತೆಂದು ಬರೆಯಲು ಸಂಕೋಚವೇನಿಲ್ಲ.

"ನಾನೂ ಆ ಮೊಬೈಲಿನ ಹಾಗೇ ಮಾಡ್ತಾ ಇದ್ದೆ ನೋಡಿ" ಎಂದು ಆಮೇಲೆ ಕಿನ್ನಿ ಅಡುಗೆಮನೆಯಲ್ಲಿ ಒಲೆ ಉಜ್ಜುತ್ತಾ ಹೇಳುತ್ತಾರೆ. "ಪಾಪ ಅಂತ ನಾನೇ ಹೇಳಿ ಬಿಡ್ತಿದ್ದೆ. ಬಾಯಿ ಮುಚ್ಚಿ ಕೂರ್ಲಿಕ್ಕೆ ಕಲಿಯಬೇಕಿತ್ತು."

ಆ ಒಂದು ಹೆಸರಿನ ನಂತರ ಅಂದು ಟೀಚರ್ ಪ್ರಾರ್ಥನೆ ಬಿಟ್ಟರೆ ಬೇರೆ ಮಾತಾಡಲಿಲ್ಲ. ಇನ್ನೂ ದೂರ ಹೋಗಬೇಕಿದೆ ಎಂದು ಏವ್ರಿಲ್‌ಗೂ ಗೊತ್ತು. ಆದರೂ ಅವರು ಅಂದು ಮಲಗಲು ಹೋಗದೆ ತಾಯಿಯ ಪಕ್ಕದಲ್ಲೇ ಕೂತಿದ್ದರು. ಈಸ್ಟರ್ ಕಳೆದರೆ ತುಳುವರ ಹೊಸ ವರ್ಷದ ಬಿಸು ಹಬ್ಬ, ಕಿನ್ನಿಗೆ ಒಂದು ದಿನ ರಜೆ. ಆ ದಿನ ಮೊದಲರ್ಧ ಹೇಳುವವರು ಏವ್ರಿಲ್. ನಡುವೆ ಅವಸರ ಮಾಡಬಾರದೆಂದು ಕಿನ್ನಿ ಈಗಲೇ ಎಚ್ಚರಿಸಿದ್ದಾರೆ.

ಮುಂದಿನ ಸಲ ಟೀಚರ್ ನಿಮ್ಮ ಹೆಸರು ಹೇಳಬಹುದಲ್ಲ ಎಂದೆ. ಕಿನ್ನಿ ಬಟ್ಟೆ ಹಿಂಡಿ, ಮಂಚದ ಕಡೆ ಒಮ್ಮೆ ನೋಡಿದರು.

"ನನ್ನ ಹೆಸರು ಎಂತಕ್ಕೆ? ಇಷ್ಟು ಹಾಲು ಚೆಲ್ಲಿದ್ದೇನೆ ನೋಡಿ ಇವತ್ತು. 'ಎಲ್ಲಿ ನೋಡ್ತಾ ಇದ್ದಿ, ಕಣ್ಣಿಲ್ವಾ' ಅಂತ ಟೀಚರ್ ಒಮ್ಮೆ ಸರಿಯಾಗಿ ಬೈದ್ರೆ, ಅಷ್ಟು ಸಾಕು ನನಗೆ."