ಆಂಡ್ರಪ್ಪನ ಸೋಮವಾರ

ಮೊನ್ನೆ ಒಂದು ಸೋಮವಾರ ನಡು ಮಧ್ಯಾಹ್ನ ನಾನು ಅಂಗಡಿ ಮುಚ್ಚಿ, ಒಬ್ಬ ಬಿಳಿಯನ ಹಿಂದೆ ಹುಣಸೂರಿನ ಬೀದಿಯಲ್ಲಿ ಕಳ್ಳಹೆಜ್ಜೆ ಹಾಕಿಕೊಂಡು ಹೋದೆ.

(ಮೊಳೆ, ಬೀಗ ಮಾರುವವನ ಅಂಗಡಿಗೇ ಹಾಡಹಗಲು ಬೀಗ ಬಿದ್ದದ್ದು ನೋಡಿ ಎದುರಿನ ಬಟ್ಟೆ ಅಂಗಡಿಯವರು, ‘ಯಾರು ಹೋಗ್ಬುಟ್ರು?’ ಅಂತ ವಿಚಾರಿಸಿದರಂತೆ.)

ಯಾರೂ ಹೋಗಿರಲಿಲ್ಲ. ಅವನು ಕಳ್ಳನೂ ಅಲ್ಲ, ನಾನು ಪೊಲೀಸಿನವನೂ ಅಲ್ಲ. ಮತ್ತೆ ಯಾಕೆ ಹಿಂಬಾಲಿಸಿದೆ? ಅಕ್ಕನ ಆರ್ಡರ್.

ಈ ಆಂಡ್ರೂ ಎಂಬ ಹುಡುಗ ಸ್ಕಾಟ್ಲೆಂಡಿನ ಒಂದು ಯೂನಿವರ್ಸಿಟಿಯ ವಿದ್ಯಾರ್ಥಿ. ನಮ್ಮ ಹುಡುಗರು ಓದುವುದಕ್ಕೆ ಸೀಮೆಗೆ ಹೋಗುತ್ತಾರೆ, ಇವನು ಓದುವುದಕ್ಕೆ ಬಿಳಿಕೆರೆಗೆ ಬಂದಿದ್ದಾನೆ. ನಗಬೇಡಿ. ಅವನಿಗೆ ಬಿಳಿಕೆರೆಯೇ ಫಾರಿನ್. ಹಳ್ಳಿಯವರ ಜೊತೆ ಒಂದು ವರ್ಷ ಇದ್ದು, ಅವರು ಹೇಗೆ ಬದುಕುತ್ತಾರೆ ಅಂತ ಬರೆದರೆ ಅವನಿಗೆ ಡಿಗ್ರಿ ಕೊಡುತ್ತಾರಂತೆ. (ನಾವು ಹುಟ್ಟಿದಾಗಿನಿಂದ ಹೀಗೇ ಬದುಕುತ್ತಿದ್ದೇವೆ. ನಮಗೆ ಯಾರು ಕೊಟ್ಟರು?)

ಅವನಿಗೆ ಉಳಿದುಕೊಳ್ಳಲು ಜಾಗ ಸಿಕ್ಕಿದ್ದು ಬಿಳಿಕೆರೆಯ ನನ್ನ ಅಕ್ಕನ ಮನೆಯಲ್ಲಿ. ‘ಇಂಗ್ಲೀಸ್ನೋರು ಗಂಟು ಮೂಟೆ ಕಟ್ಟಿ ಇನ್ನೂ ಹತ್ತು ವರ್ಸ ಆಗಿಲ್ಲ, ಒಬ್ಬ ಆಗ್ಲೇ ಮುದ್ದೆ ತಿನ್ನಕ್ಕೆ ವಾಪಸ್ ಬಂದವ್ನಲ್ಲಪ್ಪಾ!’ ಎಂದು ಭಾವ ತಮಾಷೆ ಮಾಡಿದರು. ಆದರೂ ಹಿತ್ತಿಲ ಕಡೆಯ ಕೋಣೆ ಬಿಟ್ಟುಕೊಟ್ಟರು. ಷರತ್ತು ಒಂದೇ. ನಮ್ಮದು ಶಿವಪೂಜೆಯ ಮನೆ, ಇಲ್ಲಿರುವವರೆಗೆ ಮಾಂಸ, ಮೊಟ್ಟೆ ಮುಟ್ಟಕೂಡದು. ಹೊರಗೆ ಹೋದಾಗಲೂ. ಹುಡುಗ ತಲೆಯಾಡಿಸಿದ.

ಮೊದಮೊದಲು ಮುದ್ದೆಯನ್ನು ಬಿಸ್ಕತ್ತಿನ ಹಾಗೆ ಅಗಿದು ದವಡೆ ನೋಯಿಸಿಕೊಂಡನಂತೆ. ಈಗ? ಈಗ ನೋಡಬೇಕು ನೀವು. ಮಂಗಳವಾರ ಹುರುಳಿ ಬಸ್ಸಾರು ಇಲ್ಲದಿದ್ದರೆ ಮುಖ ಸಣ್ಣದಾಗುತ್ತದೆ. ಬುಧವಾರ ಸಂಜೆಗೇ ಶುರು: ‘ನಾಳೆ ಉಪ್ಸಾರು ಅಲ್ವಾ ಅಕ್ಕ?’ ಶನಿವಾರ ಭಾವನ ಸರದಿ ಆದ ಮೇಲೆ ಅವನಿಗೂ ಎಣ್ಣೆ ಸ್ನಾನ. ಅವರೆಕಾಯಿ ಕಾಲದಲ್ಲಂತೂ ಹೆಂಗಸರ ಜೊತೆ ಕೂತು ಬೇಳೆ ಹಿದುಕಿ, ಸಾರಾದ ಮೇಲೆ ಅವರಿಗಿಂತ ಎರಡು ಸೌಟು ಜಾಸ್ತಿ ಹೊಡೆದ. ಊರವರ ಬಾಯಲ್ಲಿ ಆಂಡ್ರೂ ಹೋಗಿ ಆಂಡ್ರಪ್ಪ ಆದ.

ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ನಾನು ಹುಟ್ಟಿದ ಊರಿಗೇ ಇನ್ನೂ ಹೊಂದಿಕೊಂಡಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಬಸ್ ಸ್ಟ್ಯಾಂಡ್ ಕಡೆ ಮನಸ್ಸು, ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅಂಗಡಿಯ ಕಡೆ. ಇವನು ನೋಡಿದರೆ ಏಳು ಸಮುದ್ರ ದಾಟಿ ಬಂದು ಅಕ್ಕನ ವಾರದೊಳಗೆ ಅಚ್ಚುಕಟ್ಟಾಗಿ ಕೂತುಬಿಟ್ಟಿದ್ದಾನೆ.

ಒಂದು ದಿನ ಬಿಟ್ಟು. ಸೋಮವಾರ.

ಸೋಮವಾರ ಅಕ್ಕನ ಮನೆಯಲ್ಲಿ ಒಪ್ಪತ್ತು. ಬೆಳಿಗ್ಗೆ ಒಂದು ಲೋಟ ಕಾಫಿ, ಆಮೇಲೆ ಸಂಜೆ ಪೂಜೆ ಮುಗಿದ ಮೇಲೆಯೇ ಊಟ. ಅಲ್ಲಿಯವರೆಗೆ ಒಲೆ ತಣ್ಣಗೆ. ಅಕ್ಕ ಆ ಮಧ್ಯಾಹ್ನ ಜಗಲಿಗೆ ಬಂದು, ಕಂಬಕ್ಕೆ ಒರಗಿ, ಕಾಲು ಚಾಚಿ, ಎಲೆಗೆ ಸುಣ್ಣ ಸವರುತ್ತಾ ಕೂರುತ್ತಾಳೆ. (ನಾನು ಒಪ್ಪತ್ತು ಮಾಡುವವನಲ್ಲ. ಹಸಿವಾದರೆ ನನಗೆ ಕೈಕಾಲು ಆಡುವುದಿಲ್ಲ. ನಮ್ಮ ಮನೆಯಲ್ಲಿ ಸೋಮವಾರವೂ ಮೂರು ಹೊತ್ತು ಒಲೆ ಉರಿಯುತ್ತದೆ.)

ಆಂಡ್ರೂ ಮಾತ್ರ ಸೋಮವಾರ ಬಂತೆಂದರೆ ಹುಣಸೂರಿನ ಬಸ್ಸು ಹತ್ತಿ ಮಾಯವಾಗುತ್ತಿದ್ದ. ಸಂಜೆ ಪೂಜೆಯ ಹೊತ್ತಿಗೆ ಹಾಜರ್. ಎಲ್ಲಿಗೆ ಹೋಗಿದ್ದೆ ಅಂದರೆ, ‘ಸುಮ್ನೆ.’

ಸುಮ್ಮನೆ ಅಂದರೆ ಊರು ಸುಮ್ಮನಿರುತ್ತದೆಯೇ? ಹಸಿವು ತಡೆಯಲಾರದೆ ಮಿಲಿಟರಿ ಹೋಟೆಲಿಗೆ ಹೋಗುತ್ತಾನೆ, ಹೊಟ್ಟೆ ತುಂಬ ಮಾಂಸ ತಿಂದು ಬಂದು ಪೂಜೆ ಮಾಡುವವರ ಪಕ್ಕದಲ್ಲಿ ಕೂರುತ್ತಾನೆ ಎಂದು ಮಾತು ಹಬ್ಬಿತು. ಭಾವನ ತಮಾಷೆ ನಿಂತುಹೋಯಿತು. ‘ದಿಟ ಆದ್ರೆ ಅವನ ಪೆಟ್ಗೆ ಬಸ್ ಮ್ಯಾಲೆ ಏರ್ಸ್ಬುಡ್ತೀನಿ’ ಎಂದರು. ಆ ಮನೆಯಿಂದ ಹೊರಬಿದ್ದವನಿಗೆ ಊರಲ್ಲಿ ಇನ್ಯಾರು ಜಾಗ ಕೊಡುತ್ತಾರೆ? ಓದು ಅರ್ಧಕ್ಕೇ ಮುಗಿದ ಹಾಗೆ.

ಅಕ್ಕ ನನ್ನನ್ನು ಕರೆಸಿದಳು. ‘ನಂಗೆ ನಂಬ್ಕೆ ಬರಾಕಿಲ್ಲ ಕಣ್ಲಾ. ಆದ್ರೂ ಒಂದ್ ಸಲ ಇಂದೆ ಓಗಿ ನೋಡ್ಬುಡು. ಎಂಟು ತಿಂಗ್ಳು ಮಗನ್ನಂಗೆ ಇಕ್ಕಿವ್ನಿ. ನನ್ ಕಣ್ಣಿಗೆ ಮಣ್ಣೆರಚ್ದ ಅಂದ್ರೆ ತಡ್ಕಳಕ್ಕಾಗಾಕಿಲ್ಲ.’

ಅಂತೂ ಪತ್ತೇದಾರಿಕೆ ಶುರುವಾಯಿತು. ಬಸ್ಸಿಳಿದವನು ಪೇಟೆ ಬೀದಿ ಹಿಡಿದ. ಮಿಲಿಟರಿ ಹೋಟೆಲ್ ಬಂತು. ಸರಿಯಾಗಿ ಅದರ ಬಾಗಿಲೆದುರೇ ನಿಂತುಬಿಟ್ಟ! ಮಹಾರಾಯ ಚಪ್ಪಲಿಯಲ್ಲಿ ಸಿಕ್ಕಿದ್ದ ಕಲ್ಲು ಕೊಡವಿಕೊಂಡು ಮುಂದೆ ಹೋದ. ಗಾಡಿಯವನ ಹತ್ತಿರ ಒಂದಷ್ಟು ಆಲೂಗೆಡ್ಡೆ ಕೊಂಡ. ನೇರ ಲಕ್ಷ್ಮಣತೀರ್ಥದ ದಂಡೆಗೆ ಇಳಿದ. ಮೂರು ಕಲ್ಲು ಹೂಡಿದ, ಒಣ ಪುರಳೆ ಆಯ್ದು ತಂದ, ಚೀಲದಿಂದ ಒಂದು ಡಬ್ಬಿ ತೆಗೆದು ಆಲೂಗೆಡ್ಡೆ ಬೇಯಲು ಇಟ್ಟು, ಹೊಳೆ ನೋಡುತ್ತಾ ಕೂತ.

ಅಷ್ಟೇ. ಅದು ಬೇಯುವ ತನಕ ಪೊದೆಯ ಹಿಂದೆ ಕೂರುವ ತಾಳ್ಮೆ ನನಗೆಲ್ಲಿಂದ ಬರಬೇಕು? ಎದ್ದು ಹೋಗಿ ಎದುರಿಗೇ ನಿಂತೆ.

‘ಬನ್ನಿ ಅಣ್ಣ, ಕೂತ್ಕಳಿ’ ಎಂದ, ಥೇಟ್ ಅಕ್ಕನ ರಾಗದಲ್ಲೇ. ಬೆಂದ ಮೇಲೆ ಒಂದನ್ನು ನನ್ನ ಕೈಗೂ ಕೊಟ್ಟ.

‘ಉಪ್ಪು?’

‘ಉಪ್ಪು ಹಾಕ್ಬಾರ್ದು ಅಣ್ಣ.’

ಬಾಯಿಗಿಟ್ಟೆ. ಏನೂ ಇಲ್ಲ. ರುಚಿ ಅನ್ನುವ ಪದಾರ್ಥವೇ ಅದರಲ್ಲಿರಲಿಲ್ಲ. ‘ಇದಕ್ಕೋಸ್ಕರ ಬಸ್ ಚಾರ್ಜ್ ಕೊಟ್ಟು ಬರ್ತೀಯೇನಯ್ಯಾ?’ ಎಂದೆ.

‘ನಮ್ಮ ಮನೇಲಿ ಸೋಮವಾರ ಅಮ್ಮ ಬಟ್ಟೆ ಒಗೀತಾರೆ. ದಿನ ಪೂರ್ತಿ ಅದೇ ಕೆಲಸ, ಅಡುಗೆ ಇಲ್ಲ. ಬರೀ ಇದು. ಚಿಕ್ಕವನಿದ್ದಾಗ ಇದನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ’ ಎಂದ. ಇನ್ನೊಂದರ ಸಿಪ್ಪೆ ಸುಲಿಯುತ್ತಾ, ‘ಅಲ್ಲಿ ಬಿಳಿಕೆರೇಲಿ ಎಲ್ರೂ ನನ್ನ ನೋಡ್ತಾರೆ. ನಾನು ಎಲ್ರನ್ನೂ ನೋಡ್ತೀನಿ. ಇಲ್ಲಿ ಯಾರೂ ಇಲ್ಲ’ ಎಂದ. ಆಮೇಲೆ ನನ್ನನ್ನು ನೋಡಿ ನಕ್ಕ. ‘ಇರ್ಲಿಲ್ಲ.’

ಅವತ್ತೇ ಸಂಜೆ ಬಿಳಿಕೆರೆಗೆ ಓಡಿ ಸುದ್ದಿ ಮುಟ್ಟಿಸಿದೆ. ಭಾವ ಹೆಗಲಿನ ಟವಲ್ ಕೊಡವಿ ಜೋರಾಗಿ ನಕ್ಕರು. ಪೆಟ್ಟಿಗೆ ಬಸ್ಸು ಹತ್ತುವುದು ತಪ್ಪಿತು. ಅಕ್ಕ ಮಾತ್ರ ನಗಲಿಲ್ಲ. ‘ಉಪ್ಪೂ ಇಲ್ದೇಯಾ?’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, ‘ಯಾರೂ ಇಲ್ದೋನಂಗೆ ಒಳೆ ದಂಡೇಲಿ ಕೂತ್ಕಂಡು?’

ಹೋದ ಸೋಮವಾರ ನಾನು ಹೋಗುವ ಹೊತ್ತಿಗೆ ನಡು ಮಧ್ಯಾಹ್ನ ಅಕ್ಕನ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಆಂಡ್ರೂನನ್ನು ಬಸ್ಸು ಹತ್ತಲು ಬಿಡದೆ ಕೂರಿಸಿದ್ದಳು. ಬೆವರು ಒರೆಸಿಕೊಳ್ಳುತ್ತಾ ತಟ್ಟೆ ತಂದಿಟ್ಟಳು. ಬೇಯಿಸಿದ ಆಲೂಗೆಡ್ಡೆ. ಉಪ್ಪಿಲ್ಲ.

‘ಒಪ್ಪತ್ತು ನಮ್ಗೆ ಕಣಪ್ಪ, ನಿಂಗ್ಯಾಕೆ? ತಿನ್ನು.’

ಹುಡುಗ ನನ್ನ ಕಡೆ ಒಮ್ಮೆ ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ತಲೆ ತಗ್ಗಿಸಿ ಅಷ್ಟನ್ನೂ ತಿಂದು, ‘ಚೆನ್ನಾಗಿದೆ ಅಕ್ಕ’ ಎಂದ. ಆಮೇಲೆ ಜಗಲಿಗೆ ಬಂದು ಕೂತ. ಕೂತ, ಎದ್ದ, ಮತ್ತೆ ಕೂತ. ರಸ್ತೆಯಲ್ಲಿ ಹುಣಸೂರಿನ ಬಸ್ಸು ಹಾರನ್ ಹೊಡೆದಾಗ ಅವನ ಮೊಣಕಾಲು ಕುಣಿಯುತ್ತಿತ್ತು. ಚಡಪಡಿಕೆ ನನ್ನೊಬ್ಬನ ಆಸ್ತಿ ಅಂದುಕೊಂಡಿದ್ದೆ.

ಒಳಗೆ ಅಕ್ಕ ಪಾತ್ರೆ ಉಜ್ಜುತ್ತಿದ್ದಳು. ಅವಳು ಒರಗುವ ಕಂಬದ ಬುಡದಲ್ಲಿ ಎಲೆ ಅಡಿಕೆಯ ಚೀಲ ಹಾಗೇ ಬಿದ್ದಿತ್ತು.

ಕೈ ಒರೆಸಿಕೊಂಡು ಹೊರಗೆ ಬಂದವಳು ಅವನನ್ನು ನೋಡಿದಳು, ಬಸ್ಸು ಹೋದ ಧೂಳನ್ನು ನೋಡಿದಳು. ‘ಇನ್ಮ್ಯಾಕೆ ಒಳೆ ದಂಡೆಗೇ ಓಗು ಕಣಪ್ಪ’ ಎಂದಳು. ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

‘ಯಾಕಕ್ಕ, ಬೇಜಾರಾಯ್ತಾ?’ ಎಂದೆ.

‘ಬೇಜಾರೇನ್ಲಾ? ವಾರಕ್ಕಿದ್ದಿದ್ದೊಂದು ಮಧ್ಯಾನ. ನೀನು ಪತ್ತೆ ಅಚ್ಚಿ ಅವ್ನದ್ದೂ ಕಳ್ದೆ, ನನ್ದೂ ಕಳ್ದೆ’ ಎಂದು ಕಂಬಕ್ಕೆ ಒರಗಿ ಕಾಲು ಚಾಚಿದಳು.

ಸಂಜೆಯ ಬಸ್ಸಿಗೆ ಹುಣಸೂರಿಗೆ ಬಂದೆ. ನನಗೆ ವಿಪರೀತ ಹಸಿವು. ಮನೆಯಲ್ಲಿ ನನ್ನಾಕೆ ಒಲೆ ಊದುತ್ತಿದ್ದಳು, ಆ ದಿನಕ್ಕೆ ಅದು ಮೂರನೆಯ ಸಲ.

ಅಲ್ಲ, ನಮ್ಮ ಮನೆಯ ಒಲೆಗೆ ಯಾವ ವಾರ ರಜ?