ಎರಡೂ ಪೇಲವ ಬಂದ ಬೆಳಿಗ್ಗೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ದಂತ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮಂದ ಕೆಂಪು ದೀಪದ ಕೆಳಗೆ, ಒಬ್ಬ ಹೆಂಗಸು ಎರಡು ಒದ್ದೆ ಫಿಲ್ಮ್‌ಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿ ತಲೆ ಕೆರೆದುಕೊಳ್ಳುತ್ತಿದ್ದಾರೆ. "ಇದೇನ್ ಗ್ರಹಚಾರ ಸಾರ್! ಎರಡೂ ಪೇಲವ!"

ಇಲ್ಲಿ ಎಲ್ಲರಿಗೂ ಅವರು ಕತ್ತಲಕ್ಕ. ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿ ದವಡೆಯ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಾರೆ, ದಿನಕ್ಕೆ ನಲವತ್ತು. ದ್ರಾವಣದಲ್ಲಿ ಅದ್ದಿ ಅದ್ದಿ ಬೆರಳ ತುದಿ ಕಂದಾಗಿದೆ. ಮೊದಲ ಹತ್ತು ನಿಮಿಷ ಅವರು ಹೇಳಿದ್ದರ ತಲೆಬುಡ, ಪತ್ರಿಕೆಗೆ ಬರೆಯಲು ಬಂದ ನನಗೆ ಅರ್ಥವಾಗಲಿಲ್ಲ, ಒಪ್ಪಿಕೊಂಡುಬಿಡುತ್ತೇನೆ.

ತಿಳಿದಷ್ಟು ಇಷ್ಟು. ದವಡೆಯ ಉದ್ದ ಫಿಲ್ಮ್ ಒಂದು ಮೆತ್ತನೆಯ ಚೀಲದೊಳಗೆ ಎರಡು ಬಿಳಿ ಹಾಳೆಗಳ ನಡುವೆ ಕೂರುತ್ತದೆ. ಆ ಹಾಳೆಗೆ ಸ್ಕ್ರೀನ್ ಎನ್ನುತ್ತಾರೆ. ಎಕ್ಸ್‌ರೇ ತಾಗಿದರೆ ಅದು ಹೊಳೆಯುತ್ತದೆ, ಆ ಹೊಳಪಿಗೆ ಫಿಲ್ಮಿನಲ್ಲಿ ಚಿತ್ರ ಮೂಡುತ್ತದೆ. ಹಳೆಯ ಸ್ಕ್ರೀನ್ ಹೊಳೆಯುವುದು ನೀಲಿಯಾಗಿ, ಹೊಸದು ಹಸಿರಾಗಿ; ಒಂದೊಂದಕ್ಕೂ ಅದರದೇ ಫಿಲ್ಮ್. ಹಸಿರಿಗೆ ಅರ್ಧ ಕಿರಣ ಸಾಕು ಎನ್ನುತ್ತಾನೆ ಮಾರಲು ಬಂದವನು. ನಿಜವೋ ಸುಳ್ಳೋ ನೋಡಿ, ಒಂಬತ್ತೂವರೆಯೊಳಗೆ ದೊಡ್ಡ ಡಾಕ್ಟರಿಗೆ ಹೇಳಬೇಕಾದವರು ಕತ್ತಲಕ್ಕ. ಆ ಮಾತಿನ ಮೇಲೆ ಇಡೀ ವರ್ಷದ ಫಿಲ್ಮ್ ಬರುತ್ತದೆ.

"ಮಗಳು ಚಿಕ್ಕೋಳಿದ್ದಾಗ ಕೋರೆಹಲ್ಲು ಒಳಗೇ ಸಿಕ್ಕಾಕೊಂಡಿತ್ತು. ಆರು ಸಲ ಎಕ್ಸ್‌ರೇ ಆಯ್ತು. ಎರಡು ಸಲ ಫಿಲ್ಮ್ ಹಾಳ್ಮಾಡಿದ್ದು ನಾನೇ. ಬೇರೆಯವ್ರ ಮಕ್ಕಳಿಗಾದ್ರೂ ಅರ್ಧಕ್ಕೇ ಮುಗಿದ್ರೆ ಆಗಲ್ವಾ ಸಾರ್?"

ಪರೀಕ್ಷೆ ಸರಳ. ಮೆಟ್ಟಿಲಿನ ಹಾಗೆ ಕೊರೆದ ಅಲ್ಯೂಮಿನಿಯಂ ತುಂಡಿನ ಚಿತ್ರ ತೆಗೆಯುವುದು: ಹಳೆಯ ಚೀಲಕ್ಕೆ ಪೂರ್ತಿ ಕಿರಣ, ಹೊಸದಕ್ಕೆ ಅರ್ಧ. ಎರಡೂ ಒಂದೇ ಸಮ ಗಾಢವಾಗಿ ಬಂದರೆ ಹೊಸದು ಪಾಸು.

"ಹೊಸದು ಪೇಲವ ಅಂದ್ರೆ ಅವ್ನು ಬುರುಡೆ ಬಿಟ್ಟ ಅನ್ಬೋದು. ಹಳೇದಕ್ಕೇನ್ ಬಂತು ರೋಗ? ಮೊನ್ನೆ ತನಕ ನೆಟ್ಟಗಿತ್ತಲ್ಲ!"

ದ್ರಾವಣ ಬದಲಾಯಿಸುತ್ತಾರೆ. ಥರ್ಮಾಮೀಟರ್ ನೋಡುತ್ತಾರೆ, ಗಡಿಯಾರವನ್ನು ನನ್ನ ಕೈಗಡಿಯಾರದ ಪಕ್ಕ ಹಿಡಿಯುತ್ತಾರೆ. ಮತ್ತೆ ತೆಗೆದರೆ ಮತ್ತೆ ಪೇಲವ. ಅಷ್ಟರಲ್ಲಿ ಡಾಕ್ಟರೇ ಇಳಿದು ಬರುತ್ತಾರೆ. "ತಲೆ ಕೆಡಿಸ್ಕೋಬೇಡಿ ಅಕ್ಕ, ಹಳೇದನ್ನೇ ತರಿಸೋಣ."

"ಅರ್ಧ ಗಂಟೆ ಕೊಡಿ ಡಾಕ್ಟ್ರೇ."

ಸ್ಟೂಲಿನ ಮೇಲೆ ಕುಸಿದು ಕೂತವರು ತಮ್ಮಷ್ಟಕ್ಕೆ ಗೊಣಗುತ್ತಾರೆ. "ನಿನ್ನೆ ಸಂಜೆ ಏನ್ಮಾಡ್ದೆ ನಾನು? ಚೀಲ ಬಿಚ್ಚಿದೆ, ಸ್ಕ್ರೀನ್ ಒರೆಸ್ದೆ, ಒಣಗೋಕಿಟ್ಟೆ... ಅಯ್ಯೋ!"

ನಾಲ್ಕೂ ಹಾಳೆಗಳನ್ನು ಹೊರಗೆಳೆದು, ಯಾವ ಚೀಲದ್ದು ಆ ಚೀಲದ ಪಕ್ಕ, ಯಂತ್ರದ ಕೋಣೆಯಲ್ಲಿ ಇಡುತ್ತಾರೆ. ದೀಪ ಆರುತ್ತದೆ. ಸೀಸದ ಗಾಜಿನ ಹಿಂದೆ ನಿಂತು ಗುಂಡಿ ಒತ್ತುತ್ತಾರೆ. ಕ್ಷಣಮಾತ್ರ ಕಾಣುತ್ತದೆ: ಹಳೆಯ ಚೀಲದ್ದು ಒಂದು ನೀಲಿ, ಒಂದು ಹಸಿರು. ಹೊಸದರದ್ದೂ ಹಾಗೇ. ಅವಸರದಲ್ಲಿ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡ ಹಾಗೆ.

"ನಾನೇ ಅದಲು ಬದಲು ತುರುಕಿದೀನಿ ಸಾರ್. ಜೋಡಿಯಲ್ಲದ ಹಾಳೆಯಿಂದ ಫಿಲ್ಮಿಗೆ ಬೆಳಕು ಸಾಲ್ದೆ ಹೋಗಿದೆ. ಬೆಳಕಲ್ಲಿ ನಾಲ್ಕೂ ಬೆಳ್ಳಗೇ ಕಾಣ್ತವೆ. ಇನ್ನೇನು ಒಳ್ಳೇ ಫಿಲ್ಮನ್ನ ವಾಪಸ್ ಕಳಿಸ್ಬಿಡ್ತಿದ್ದೆ!" ನನಗೋ, ಬೆಳಗಿನಿಂದ ಮೊದಲ ಸಲ ಏನೋ ಅರ್ಥವಾದ ಸಂತೋಷ.

ಜೋಡಿ ಸರಿಪಡಿಸಿ ಮತ್ತೆ ತೆಗೆಯುತ್ತಾರೆ. ದೀಪದ ಪೆಟ್ಟಿಗೆಯ ಮೇಲೆ ಎರಡು ಫಿಲ್ಮ್, ಮೆಟ್ಟಿಲಿಗೆ ಮೆಟ್ಟಿಲು ಸಮ. ಡಾಕ್ಟರ ಎದುರು ಮೊದಲು ಹೇಳುವುದು, "ತಪ್ಪು ನಂದು." ಆಮೇಲೆ, "ಹಸಿರೇ ತರಿಸಿ." ಡಾಕ್ಟರು ಹೂಂಗುಟ್ಟಿ ಸಹಿ ಹಾಕುತ್ತಾರೆ.

ಪತ್ರಿಕೆಗೆ ಪೂರ್ತಿ ಹೆಸರು ಕೇಳಿದರೆ ಕೈಯಾಡಿಸುತ್ತಾರೆ. "ಹೆಸರು ಬೇಡ ಸಾರ್. ತಪ್ಪನ್ನ ಮಾತ್ರ ಸರಿಯಾಗಿ ಬರೀರಿ. ಇನ್ಯಾವಳೋ ನನ್ನಂಥೋಳು ಎಲ್ಲೋ ಕತ್ತಲಲ್ಲಿ ನಿಂತು ಒಳ್ಳೇ ಫಿಲ್ಮನ್ನ ಬೈತಾ ಇರ್ತಾಳೆ."

ಹೊರಗೆ ಬೆಂಚಿನ ಮೇಲೆ ಮೊದಲ ರೋಗಿ, ಊದಿದ ಕೆನ್ನೆಯ ಪುಟ್ಟ ಹುಡುಗಿ. ಕತ್ತಲಕ್ಕ ಹೊಸ ಚೀಲಕ್ಕೆ ಫಿಲ್ಮ್ ತುಂಬಿ, ಎರಡು ಸಲ ತೆಗೆದು, ಹಾಳೆಗಳ ಮೂಲೆಗೆ ಈಗಷ್ಟೇ ಹಾಕಿದ ಗುರುತು ನೋಡಿ, ಯಂತ್ರದ ಕೋಣೆಯತ್ತ ಕೂಗುತ್ತಾರೆ: "ಅರ್ಧಕ್ಕೆ ಇಳಿಸಪ್ಪಾ. ಇನ್ಮೇಲೆ ಅರ್ಧ ಸಾಕು."